ಕೆಂಪವ್ವನ ತೂಕಕ್ಕೊಂದು ತಟ್ಟು

ತೆಲಸಂಗದ ಕುರುಬರ ಓಣಿಯಿಂದ ಪ್ರತಿ ವರ್ಷ ದೀಪಾವಳಿ ಮುಗಿದ ವಾರಕ್ಕೆ ಹೊರಡುತ್ತಿದ್ದ ಬಿಡಾರಗಳಲ್ಲಿ ಮಲಕಾರಿಯದೂ ಒಂದು. ಹೆಸರಿಗೆ ಅದು ಮಲಕಾರಿಯ ಬಿಡಾರ; ನಡೆಸುತ್ತಿದ್ದವಳು ಅವನ ಹೆಂಡತಿ ಕೆಂಪವ್ವ. ಮಲಕಾರಿ ಮತ್ತು ಮಗ ವಿಠೋಬಾ ಮುನ್ನೂರು ಕುರಿಗಳನ್ನು ಹೊಡೆದುಕೊಂಡು, ಹೊಲದ ಬದುಗಳ ಮೇಲೆ ಮೇಯಿಸುತ್ತ ನಿಧಾನವಾಗಿ ಬರುವರು. ಕೆಂಪವ್ವ ಮೂರು ತಟ್ಟುಗಳ, ಎಂದರೆ ಗಿಡ್ಡ ಜಾತಿಯ ಕುದುರೆಗಳ, ಮೇಲೆ ಇಡೀ ಸಂಸಾರ ಹೇರಿ, ಸೊಸೆ ತಾರವ್ವನನ್ನು ಜೊತೆಗೆ ಕರೆದುಕೊಂಡು, ನೇರ ದಾರಿ ಹಿಡಿದು ಮುಂದೆ ಹೋಗುವಳು. ಯಾರ ಹೊಲದಲ್ಲಿ ಇಳಿಯಬೇಕು, ಆ ಹೊಲಕ್ಕೆ ಗೊಬ್ಬರವಾಗಲೆಂದು ಎಷ್ಟು ದಿನ ಕುರಿ ಕೂಡಿಸಬೇಕು, ಅದಕ್ಕೆ ರೈತ ಎಷ್ಟು ಜೋಳ ಅಳೆಯಬೇಕು, ಕುಡಿಯುವ ನೀರು ಎಲ್ಲಿಂದ, ಇವೆಲ್ಲ ಮಾತು ಅವಳದೇ. ಸಂಜೆ ಗಂಡಸರು ಕುರಿ ತಂದು ಮುಟ್ಟಿಸುವ ಹೊತ್ತಿಗೆ ಕುರಿ ಕೂಡುವ ಬಲೆ ಸುತ್ತ ಕಟ್ಟಿ, ಒಲೆ ಹೂಡಿ, ರೊಟ್ಟಿ ಬಡಿದಾಗಿರುತ್ತಿತ್ತು.

ಕೊಕಟನೂರ, ಅಥಣಿ ದಾಟಿ, ಕೃಷ್ಣಾ ಹೊಳೆಯ ದಂಡೆ ಹಿಡಿದು ಯಡೂರು, ಅಲ್ಲಿಂದ ಚಿಕ್ಕೋಡಿ, ಕೊನೆಗೆ ನಿಪ್ಪಾಣಿಯ ತಂಬಾಕಿನ ಹೊಲಗಳು. ಇಪ್ಪತ್ತೆಂಟು ವರ್ಷ ಕೆಂಪವ್ವ ಈ ದಾರಿಯನ್ನು ಕಾಲಿನಲ್ಲಿ ನಡೆದವಳು. ಅವರಲ್ಲಿ ದೊಡ್ಡವರು ಕುದುರೆ ಹತ್ತುವ ರೂಢಿ ಇರಲಿಲ್ಲ. ಹುಟ್ಟಿ ನಾಲ್ಕು ದಿನವಾದ ಮರಿಗಳು, ಕೋಳಿಗಳು, ನಡೆಯಲು ಬಾರದ ಕೂಸುಗಳು, ಇಷ್ಟಕ್ಕೇ ಹೇರಿನ ಮೇಲೆ ಜಾಗ. ಜ್ವರ ಬಂದ ವಿಠೋಬಾ ಒಮ್ಮೆ, ಆಗಲೇ ಮೀಸೆ ಮೂಡಿದ್ದ ಹುಡುಗ, ಹೇರಿದ ಕುದುರೆಯ ಮೇಲೆ ಹತ್ತಿ ಕುಳಿತಿದ್ದಕ್ಕೆ ಕೆಂಪವ್ವ ಅವನನ್ನು ಇಳಿಸಿ, ಒಂದು ಮೂಟೆ ತನ್ನ ತಲೆಗೆ ಏರಿಸಿಕೊಂಡು, ಆಮೇಲೆ ಹತ್ತಿಸಿದ್ದಳು.

ಸಾವಿರದ ಒಂಬೈನೂರ ಎಂಬತ್ತೈದರ ಶಿವರಾತ್ರಿಯ ಮುಂದೆ ಯಡೂರಿನ ಹತ್ತಿರ ಹೊಳೆಗೆ ಇಳಿಯುವ ಜಾರಿನಲ್ಲಿ ಅವಳ ಕಾಲು ಮುರಿಯಿತು. ಕರಿಮಣ್ಣು ಹಸಿಯಾಗಿತ್ತು. ಮುಂದಿನ ಕುದುರೆ ಜಾರಿ ಹೇರಿನ ಸಮೇತ ಅವಳ ಎಡಗಾಲಿನ ಮೇಲೆ ಮಗುಚಿತು. ಎಲುಬು ಕೂಡಿಸುವವರು ಬಿದಿರಿನ ದಬ್ಬೆ ಕಟ್ಟಿದರು. ಆರು ತಿಂಗಳು ಹಾಸಿಗೆ. ಎದ್ದು ನಿಂತಾಗ ಎಡಗಾಲು ಎರಡು ಬೆರಳು ಗಿಡ್ಡವಾಗಿತ್ತು, ಮೊಣಕಾಲು ಅರ್ಧಕ್ಕಿಂತ ಹೆಚ್ಚು ಮಡಚುತ್ತಿರಲಿಲ್ಲ. ಕೋಲು ಹಿಡಿದು ಮನೆಯಿಂದ ಬಾವಿಗೆ ಹೋಗಿ ಬರುವುದು ಸಾಧ್ಯವಿತ್ತು. ದಿನಕ್ಕೆ ಮೂರು ಹರದಾರಿ ನಡೆಯುವುದು ಕನಸಿನ ಮಾತು.

ಆ ವರ್ಷ ಬಿಡಾರ ಅವಳನ್ನು ಬಿಟ್ಟು ಹೊರಟಿತು. ಕೆಂಪವ್ವ ಮನೆಯಲ್ಲಿ ಕುಂಟ ಕುರಿಗಳ ಜೊತೆ ಉಳಿದಳು. ಅಳಲಿಲ್ಲ, ಆದರೆ ಬಿಡಾರ ಇವತ್ತು ಎಲ್ಲಿ ಇಳಿದಿರಬಹುದೆಂದು ದಿನಾ ಮಧ್ಯಾಹ್ನ ಲೆಕ್ಕ ಹಾಕುತ್ತಿದ್ದಳು. ಕೂತಲ್ಲೇ ಕೂತು ಮೈ ಬೆಳೆಯಿತು. ಬೇಸಗೆ ಮುಗಿದು ಬಿಡಾರ ಮರಳಿದಾಗ ಅವಳು ಮೊದಲು ನೋಡಿದ್ದು ಮಗ ಸೊಸೆಯ ಮುಖವನ್ನಲ್ಲ, ಕುದುರೆಗಳ ಬೆನ್ನನ್ನು. ಬೂದಿ ಬಣ್ಣದ ಹೆಣ್ಣು ತಟ್ಟಿನ ಬೆನ್ನಹುರಿಯ ಮೇಲೆ ಅಂಗೈಯಗಲದ ಹುಣ್ಣಾಗಿತ್ತು. ಹೇರು ಒಂದು ಕಡೆ ವಾಲಿದ್ದನ್ನು ಯಾರೂ ಗಮನಿಸಿರಲಿಲ್ಲ. ಕೆಂಪವ್ವ ಬೈಯಲಿಲ್ಲ, ಅರಿಶಿನ ಎಣ್ಣೆ ಕಾಯಿಸಿ ತಂದಳು. ಹುಣ್ಣಿಗೆ ಹಚ್ಚುವಾಗ ಕುದುರೆಯ ತಲೆ ಹಿಡಿದು ನಿಂತಿದ್ದ ತಾರವ್ವ ತಾನಾಗಿಯೇ ಮಾತು ತೆಗೆದಳು.

“ಅತ್ತಿ, ಮುಂದಿನ ವರ್ಷ ನೀವು ಬರಬೇಕ್ರಿ. ನಡಿಯಾಕ ಆಗದಿದ್ರ ಕುದರಿ ಮ್ಯಾಲ ಕುಂತ ಬರ್ರಿ. ನನಗೊಬ್ಬಾಕಿಗೆ ಇದು ಆಗೂದಿಲ್ಲ.”

ಅಂಗಳದಲ್ಲಿ ಉಣ್ಣೆ ಕತ್ತರಿಸುತ್ತಿದ್ದ ಮಲಕಾರಿಗೆ ಈ ಮಾತು ಕೇಳಿಸಿತು. ಹದಿನೈದು ದಿನದ ಮೇಲೆ ಅಥಣಿಗೆ ಹೋದವನು ಐದು ಟಗರು ಕೊಟ್ಟು ಒಂದು ಬಿಳಿ ಕುದುರೆ ಹಿಡಿದುಕೊಂಡು ಬಂದ.

ಮದುಮಕ್ಕಳನ್ನು ಮೆರೆಸುವ ಕುದುರೆ ಅದು. ಅದರ ಹೆಗಲು ಕೆಂಪವ್ವನ ಹಣೆಗೆ ಬರುತ್ತಿತ್ತು. ಓಣಿಯ ಜನ ಸುತ್ತ ನಿಂತು ನೋಡಿದರು. ಮನೆಯ ಕಟ್ಟೆಯ ಮೇಲೆ ಅವಳನ್ನು ನಿಲ್ಲಿಸಿ, ವಿಠೋಬಾ ಹಿಂದಿನಿಂದ ಎತ್ತಿ, ತಾರವ್ವ ಆ ಕಡೆಯಿಂದ ಎಳೆದು, ಅಂತೂ ಕೂಡಿಸಿದರು. ಕಚ್ಚೆ ಹಾಕಿದ ಇಳಕಲ್ ಸೀರೆಯಾದ್ದರಿಂದ ಎರಡೂ ಕಡೆ ಕಾಲು ಬಿಟ್ಟು ಕೂರುವುದಕ್ಕೆ ತೊಂದರೆಯಾಗಲಿಲ್ಲ. ಮೇಲಿನಿಂದ ನೆರೆಮನೆಯ ಮಾಳಿಗೆಯ ಮೇಲೆ ಒಣಗಲು ಹಾಕಿದ ಮೆಣಸಿನಕಾಯಿ ಕಾಣಿಸಿತು. ಆ ಎತ್ತರ ತನಗೆ ಸೇರಿತೆಂದು ಅವಳು ಮುಂದೆ ಎಷ್ಟೋ ವರ್ಷದ ಮೇಲೆ ಒಪ್ಪಿಕೊಂಡಳು.

ಸೇರಿದ್ದು ಅದೊಂದೇ. ಕುದುರೆ ಬ್ಯಾಂಡಿನ ಸದ್ದಿಗೆ ಹೆದರುತ್ತಿರಲಿಲ್ಲ, ಆದರೆ ಕುರಿನಾಯಿ ಬೊಗಳಿದರೆ ಅಡ್ಡ ಓಡುತ್ತಿತ್ತು. ಕಡಲೆ ಇಲ್ಲದೆ ಬರೀ ಹುಲ್ಲು ಮುಟ್ಟುತ್ತಿರಲಿಲ್ಲ. ಬೆನ್ನು ಹೊರಸು ಮಂಚದಂತೆ ಉದ್ದ. ನಡುಮಧ್ಯೆ ಅವಳು ಕೂತರೆ ಕೆಳಕ್ಕೆ ಜಗ್ಗಿದಂತಾಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ತಾಪತ್ರಯವೆಂದರೆ, ಎಲ್ಲ ಕುದುರೆಗಳಂತೆ ಅದಕ್ಕೂ ಎಡಗಡೆಯಿಂದ ಹತ್ತಿಸಿಕೊಳ್ಳುವ ರೂಢಿ. ಎಡಗಡೆಯಿಂದ ಹತ್ತಬೇಕಾದರೆ ಎಡಗಾಲನ್ನು ಜೀನಿಗೆ ಜೋತ ರಿಕಾಪಿನ ಬಳೆಯಲ್ಲಿಟ್ಟು ಮೈಭಾರವೆಲ್ಲ ಅದರ ಮೇಲೆ ಹಾಕಬೇಕು. ಕೆಂಪವ್ವನಿಗೆ ಇಲ್ಲದ ಕಾಲೆಂದರೆ ಅದೇ. ಬಲಗಡೆಗೆ ಹೋಗಿ ನಿಂತರೆ ಕುದುರೆ ತಿರುಗಿಬಿಡುತ್ತಿತ್ತು.

ಶ್ರಾವಣದಲ್ಲಿ ಒಂದು ದಿನ ಹೊಲದ ಸಜ್ಜೆ ನೋಡಿ ಬರುತ್ತೇನೆಂದು ಅವಳು ಒಬ್ಬಳೇ ಕುದುರೆಯ ಮೇಲೆ ಹೋದಳು. ಬಯಲಿಗೆ ಹೋಗಬೇಕೆನಿಸಿ ಇಳಿದಳು. ಇಳಿಯುವುದು ಸುಲಭವಾಯಿತು, ಜಾರಿದರೆ ಸಾಕಿತ್ತು. ಮತ್ತೆ ಹತ್ತಲು ಸುತ್ತ ಎಲ್ಲಿಯೂ ಮೊಣಕಾಲಿಗಿಂತ ಎತ್ತರದ ಬದು ಇರಲಿಲ್ಲ. ಏಳೆಂಟು ಸಲ ಪ್ರಯತ್ನಿಸಿದಳು. ಒಮ್ಮೆ ಬಲಗಡೆಯಿಂದ ಕೊರಳ ಜೂಲು ಹಿಡಿದು ಹೊಟ್ಟೆ ಊರಿ ಅರ್ಧ ಮೇಲೆ ಹೋದಳು. ಕುದುರೆ ಸರಿಯಿತು, ಕೆಳಗೆ ಬಿದ್ದಳು. ಆಮೇಲೆ ಲಗಾಮನ್ನು ಜಾಲಿಗಿಡಕ್ಕೆ ಕಟ್ಟಿ, ಅದರ ನೆರಳಿನಲ್ಲಿ ಎರಡು ತಾಸು ಕೂತಳು. ಕಸ ಕೀಳಲು ಬಂದಿದ್ದವರ ಚಕ್ಕಡಿ ಮರಳಿ ಊರಿಗೆ ಹೊರಟಾಗ ಅದರ ಹಿಂದೆ ಕುದುರೆ ಕಟ್ಟಿ ಮನೆಗೆ ಬಂದಳು.

ಮಲಕಾರಿಗೆ ಅವಳು ಹೇಳಿದ್ದು ಇಷ್ಟೇ: “ಕುದರಿ ಚಲೋ ಐತ್ರಿ. ನನಗಲ್ಲ.”

ಮಲಕಾರಿಯ ಮುಖ ಸಣ್ಣದಾಯಿತು. ತಾನು ಹುಡುಕಿ ಹುಡುಕಿ ತಂದದ್ದು. ಹೆಂಡತಿ ಹೊಳೆಸಾಲಿನ ಗೌಡರ ಮುಂದೆ ತಲೆಯೆತ್ತಿ ಹೋಗಲೆಂದು ಎತ್ತರದ್ದನ್ನೇ ಆರಿಸಿದ್ದ.

“ನನ್ನ ಹೇಣ್ತಿ ಸಣ್ಣ ತಟ್ಟಿನ ಮ್ಯಾಲ ಕಾಲ ಜೋತ ಬಿಟಗೊಂಡು ಹೋದ್ರ ಮಂದಿ ನಗೂದಿಲ್ಲೇನು?”

“ನಗಲಿ ಬಿಡ್ರಿ. ಅಡವ್ಯಾಗ ನನ್ನ ಎತ್ತಿ ಕುಂಡ್ರಸಾಕ ಆ ಮಂದಿ ಬರೂದಿಲ್ಲ.”

ಮಲಕಾರಿ ಕುದುರೆಯನ್ನು ಅಥಣಿಗೆ ತಿರುಗಿ ಒಯ್ದು ಟಗರುಗಳನ್ನು ಹೊಡೆದುಕೊಂಡು ಬಂದ. ಇನ್ನು ಮೇಲೆ ಕುದುರೆಯ ಸುದ್ದಿ ತನಗೆ ಹೇಳಬೇಡ, ಬೇಕಾದದ್ದು ನೀನೇ ನೋಡಿಕೋ ಎಂದ. ಸಿಟ್ಟಿನಲ್ಲಿ ಅಂದ ಮಾತು. ಕೆಂಪವ್ವ ಅದನ್ನು ಒಪ್ಪಿಗೆಯೆಂದೇ ತೆಗೆದುಕೊಂಡಳು.

ಮನೆಯಲ್ಲಿದ್ದ ಮೂರು ತಟ್ಟುಗಳಲ್ಲಿ ಒಂದನ್ನು ಹತ್ತಬಹುದಲ್ಲ ಎಂದು ವಿಠೋಬಾ ಹೇಳಿದ. ಅವು ಅವಳ ಎದೆಮಟ್ಟದವು, ಹತ್ತುವುದೂ ಸುಲಭ. ಕೆಂಪವ್ವ ತಲೆಯಾಡಿಸಿದಳು. ಅವುಗಳ ಮೇಲೆ ಅವಳು ಹೇರುತ್ತಿದ್ದದ್ದು ಎಡಕ್ಕೊಂದು ಬಲಕ್ಕೊಂದು, ಮೂವತ್ತು ಮೂವತ್ತು ಕಿಲೊದ ಎರಡು ಚೀಲ. ಅದಕ್ಕೆ ಐದು ಕಿಲೊ ಹೆಚ್ಚಾದರೂ ಮೂರನೆಯ ದಿನಕ್ಕೆ ಕುದುರೆ ಹೆಜ್ಜೆ ಎಳೆಯುವುದನ್ನು ಇಪ್ಪತ್ತೆಂಟು ವರ್ಷ ಕಂಡಿದ್ದಳು. ಈಗ ತನ್ನ ತೂಕ ಎಷ್ಟೆಂದು ಅವಳಿಗೆ ಗೊತ್ತಿರಲಿಲ್ಲ. ಉಣ್ಣೆ ತೂಗಿದ್ದಳು, ಜೋಳ ತೂಗಿದ್ದಳು. ತನ್ನನ್ನು ತಾನು ತೂಗಿಕೊಳ್ಳುವ ಪ್ರಸಂಗ ಬಂದಿರಲಿಲ್ಲ.

ಅವಳ ತಂಗಿ ಸುಂದ್ರವ್ವ ನಿಪ್ಪಾಣಿಯಲ್ಲಿ ಒಂದು ತಂಬಾಕಿನ ವಖಾರಿಯಲ್ಲಿ ಎಲೆ ಆರಿಸುವ ಕೆಲಸಕ್ಕಿದ್ದಳು. ಗಣಪತಿ ಹಬ್ಬದ ಮೇಲೆ ಕೆಂಪವ್ವ ತಾರವ್ವನನ್ನು ಕರೆದುಕೊಂಡು ಬಸ್ಸು ಹತ್ತಿ ಅಲ್ಲಿಗೆ ಹೋದಳು. ವಖಾರಿಯ ಬಾಗಿಲಲ್ಲಿ ದೊಡ್ಡ ಕಾಟಾ ಇತ್ತು, ತಂಬಾಕು ಕಟ್ಟಿದ ದೊಡ್ಡ ಗಂಟುಗಳನ್ನು, ಬೋದುಗಳನ್ನು, ತೂಗುವಂಥದ್ದು. ಅದನ್ನು ನೋಡಿಕೊಳ್ಳುತ್ತಿದ್ದ ಮುರಗೆಪ್ಪ ಎಂಬ ವಯಸ್ಸಾದ ಹಮಾಲರಿಗೆ ಸುಂದ್ರವ್ವ ವಿಷಯ ಹೇಳಿದಳು. ಅವರು ಬೋದು ಇಳಿಸಿ ಹಲಗೆ ಒರೆಸಿದರು. ಕೆಂಪವ್ವ ಕೋಲನ್ನು ಸೊಸೆಯ ಕೈಗೆ ಕೊಟ್ಟು ಹತ್ತಿ ನಿಂತಳು. ಒಳಗೆ ಎಲೆ ಆರಿಸುತ್ತಿದ್ದ ಹೆಂಗಸರು ಮುಖಕ್ಕೆ ಕಟ್ಟಿದ ಬಟ್ಟೆ ಸರಿಸಿ ಸೀನುತ್ತ ನಗುತ್ತ ನೋಡಿದರು.

“ಎಪ್ಪತ್ತಾರು,” ಎಂದರು ಮುರಗೆಪ್ಪ, ಬೋದಿನ ತೂಕ ಕೂಗುವ ಅದೇ ದನಿಯಲ್ಲಿ.

ಕೆಂಪವ್ವ ಕೊರಳ ಸರ ಮತ್ತು ಕಾಲ ಬೆಳ್ಳಿ ತೆಗೆದು ತಾರವ್ವನಿಗೆ ಕೊಟ್ಟು ಇನ್ನೊಮ್ಮೆ ನಿಂತಳು. ಎಪ್ಪತ್ತೈದು ಮತ್ತು ಚೂರು. ಒಂದು ರೊಟ್ಟಿ ಕಡಿಮೆ ತಿನ್ನು ಎಂದು ಸುಂದ್ರವ್ವ ಚೇಷ್ಟೆ ಮಾಡಿದಳು. ಕೆಂಪವ್ವನಿಗೆ ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು. ಇನ್ನು ಊಹೆ ಮಾಡಬೇಕಿಲ್ಲ. ಬೆನ್ನ ಮೇಲೆ ಹಾಸಿ ಕೂರುವ ತಡಿಯೂ ಸೇರಿ ಎಂಬತ್ತು ಕಿಲೊ ಹೊರುವ ಕುದುರೆ ಬೇಕು. ಅದು ತಾನು ಹತ್ತುವಷ್ಟು ಗಿಡ್ಡವೂ ಇರಬೇಕು. ತೂಗಿಕೊಂಡದ್ದು ಯಾಕೆಂದು ಕೇಳಿ ತಿಳಿದ ಮುರಗೆಪ್ಪ, ರಾಯಬಾಗ ಸ್ಟೇಷನ್ನಿನ ಮುಂದಿನ ಟಾಂಗಾದವರು ಈಗ ಟೆಂಪೊ ಬಂದ ಮೇಲೆ ಕುದುರೆ ಮಾರುತ್ತಿದ್ದಾರೆ, ಅಲ್ಲಿ ಕಾಕಾಸಾಹೇಬ ಎಂಬವರನ್ನು ಕೇಳಿರಿ, ಸುಳ್ಳಾಡುವ ಮನುಷ್ಯನಲ್ಲ ಎಂದು ಹೇಳಿದರು.

ಮರುದಿನ ಅತ್ತೆ ಸೊಸೆ ರಾಯಬಾಗ ಸ್ಟೇಷನ್ನಿನಲ್ಲಿ ಇಳಿದರು. ಬೇವಿನ ಗಿಡದ ಕೆಳಗೆ ಮೂರೇ ಟಾಂಗಾ ಉಳಿದಿದ್ದವು. ಕಾಕಾಸಾಹೇಬನಿಗೆ ಅರವತ್ತು ದಾಟಿತ್ತು, ತಲೆಗೆ ಕೆಂಪು ರುಮಾಲು. ಕೆಂಪವ್ವ ಅವನ ಕುದುರೆಯ ಸುತ್ತ ಒಂದು ಸುತ್ತು ಹಾಕಿದಳು. ಅವನು ಅವಳ ಕೋಲನ್ನೂ ಕಾಲನ್ನೂ ನೋಡಿ, ಕೇಳುವ ಮೊದಲೇ ತಲೆಯಾಡಿಸಿದ.

“ನಕೋ ಬಾಯಿ, ಬ್ಯಾಡ್ರಿ. ಇದು ಎಳಿಯೂ ಕುದರಿ. ಹೊರೂ ಕುದರಿ ಬ್ಯಾರೆ ಇರತೈತ್ರಿ. ಡಾಂಬರ ರಸ್ತೆದಾಗ ಹನ್ನೆರಡ ವರ್ಷ ಓಡಿ ಇದರ ಮಣಕಾಲ ಸತ್ತಾವು. ನಿಮಗ ಮಾರಿದ್ರ ನನಗ ಪಾಪ ಬರತೈತಿ.”

ಅವತ್ತು ಬರಬೇಕಿದ್ದ ರೈಲುಗಾಡಿ ಎರಡು ತಾಸು ತಡವಾಗಿತ್ತು. ಹಾಗಾಗಿ ಅವನಿಗೆ ಬಿಡುವಿತ್ತು. ತನ್ನ ಕುದುರೆಯನ್ನೇ ಮುಂದೆ ನಿಲ್ಲಿಸಿಕೊಂಡು, ದೊಡ್ಡವರು ಕೂರುವ ತಟ್ಟನ್ನು ಹೇಗೆ ನೋಡಬೇಕೆಂದು ತೋರಿಸಿಕೊಟ್ಟ. ಮೊದಲು ಮುಂಗಾಲು. ಮೊಣಕಾಲಿನ ಕೆಳಗಿನ ಎಲುಬನ್ನು ಗೇಣಿನಿಂದ ಸುತ್ತಿದರೆ ಹೆಬ್ಬೆಟ್ಟು ಕಿರುಬೆರಳು ಕೂಡಿದರೂ ಬಿಗಿಯಾಗಬೇಕು, ಸಡಿಲಾದರೆ ಆ ಕಾಲು ನಿಮ್ಮನ್ನು ಹೊರುವುದಿಲ್ಲ ಎಂದ. ಆಮೇಲೆ ಬೆನ್ನು. ತಡಿ ಹಾಕಿದ ಮೇಲೆ ಅದರ ಹಿಂದಿನಿಂದ ಟೊಂಕದ ಎಲುಬಿನವರೆಗೆ ಒಂದು ಅಂಗೈ ಜಾಗ ಇದ್ದರೆ ಸಾಕು. ಎರಡು ಅಂಗೈ ಇದ್ದರೆ ಬೆನ್ನು ಉದ್ದವಾಯಿತು, ಭಾರಕ್ಕೆ ಬಾಗುತ್ತದೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಲು ತನ್ನ ರುಮಾಲನ್ನೇ ಬಿಚ್ಚಿ ಸುತ್ತಿದ. ಪುಪ್ಪುಸ ಇರುವುದು ಅಲ್ಲಿ, ಅಲ್ಲಿ ಅಗಲವಿಲ್ಲದ ಕುದುರೆ ಎಷ್ಟು ಎತ್ತರವಿದ್ದರೂ ಉಬ್ಬರದ ಏರಿನಲ್ಲಿ ದಮ್ಮು ಕಟ್ಟುತ್ತದೆ. ಗೊರಸು ಸೀಳಿರಬಾರದು. ಕೆಂಪವ್ವ ಒಂದೊಂದನ್ನೂ ತನ್ನ ಕೈಯಿಂದ ಮುಟ್ಟಿ ನೋಡಿದಳು. ಅರ್ಧ ಅವಳಿಗೆ ಗೊತ್ತಿದ್ದದ್ದೇ. ಆದರೆ ಅವಳು ಅದನ್ನು ಹುಣ್ಣಿನಿಂದ ಕಲಿತಿದ್ದಳು, ಅವನು ಅಳತೆಯಿಂದ ಹೇಳುತ್ತಿದ್ದ.

ಎತ್ತರ ಎಷ್ಟಿರಬೇಕೆಂದು ಅವಳು ಕೇಳಿದಳು.

“ಎತ್ತರ ಕೊನಿಗೆ ನೋಡ್ರಿ. ಮಂದಿ ಮೊದಲ ಅದನ್ನ ನೋಡ್ತಾರ, ಅಲ್ಲೇ ತಪ್ಪತೈತಿ. ನಿಮ್ಮ ಕಾಲ ನೆಲಕ್ಕ ತಾಗಬಾರದು, ಅಷ್ಟ ಎತ್ತರ ಸಾಕು. ಮತ್ತ ನೆಟ್ಟಗ ಕುಂಡ್ರಬೇಕು. ಜೀವ ಇರೂ ಭಾರ ಚೀಲಕ್ಕಿಂತ ಹಗರ. ಡೊಂಕಾಗಿ ಕುಂತ್ರ ಚೀಲಕ್ಕಿಂತ ಭಾರ.”

ಕಾಗವಾಡದ ಹೊಳೆಸಾಲಿನಲ್ಲಿ ಬದನೆಕಾಯಿ ಬೆಳೆಯುವ ಸತ್ಯಪ್ಪನ ಹತ್ತಿರ ಒಂದು ಕೆಂಪು ಹೆಣ್ಣು ತಟ್ಟು ಇರುವುದನ್ನೂ ಅವನೇ ಹೇಳಿದ. ಟಾಂಗಾಕ್ಕೆಂದು ನೋಡಿ, ಗಿಡ್ಡ ಆಯಿತೆಂದು ಬಿಟ್ಟು ಬಂದಿದ್ದನಂತೆ. ಅದಕ್ಕೆ ಒಂದು ಐಬೂ ಇತ್ತು. ಅದನ್ನು ಸತ್ಯಪ್ಪನೇ ಹೇಳುತ್ತಾನೆ ಎಂದ.

ಕುದುರೆ ತರಬೇಕಾದರೆ ಹಿಡಿದು ನಡೆಸಲು ಒಬ್ಬರು ಬೇಕೆಂಬ ನೆಪದಲ್ಲಿ ಮಲಕಾರಿ ಕಾಗವಾಡಕ್ಕೆ ತಾನೂ ಹೊರಟ. ದಾರಿಯುದ್ದಕ್ಕೂ ಮಳೆಯ ಮಾತಾಡಿದ, ಕುದುರೆಯ ಮಾತಾಡಲಿಲ್ಲ.

ಸತ್ಯಪ್ಪ ನಾಲ್ಕು ವರ್ಷ ಆ ತಟ್ಟಿನ ಮೇಲೆ ಬದನೆಕಾಯಿ ಚೀಲ ಹೇರಿ ಸಂತೆಗೆ ಕಳಿಸುತ್ತಿದ್ದವನು. ಈಗ ಟೆಂಪೊ ಹೊಲದ ತನಕ ಬರುತ್ತಿತ್ತು. ಕುದುರೆ ಬದುವಿನ ಮೇಲೆ ಮೇಯುತ್ತ ನಿಂತಿತ್ತು. ಅದರ ಹೆಗಲು ಕೆಂಪವ್ವನ ಗದ್ದಕ್ಕಿಂತ ಸ್ವಲ್ಪ ಕೆಳಗೆ. ತನ್ನ ತಟ್ಟುಗಳಿಗಿಂತ ಒಂದು ಗೇಣಷ್ಟೇ ಎತ್ತರ, ಆದರೆ ಅಗಲದಲ್ಲಿ ಒಂದೂವರೆಯಷ್ಟು. ಗಿಡ್ಡ ಬೆನ್ನು, ತುಂಬಿದ ಎದೆ, ಒನಕೆಯಂಥ ಮುಂಗಾಲು. ಮಲಕಾರಿ ಅದನ್ನು ನೋಡಿ ಮುಖ ಆ ಕಡೆ ತಿರುಗಿಸಿದ.

ಐಬನ್ನು ಸತ್ಯಪ್ಪ ಮುಚ್ಚಿಡಲಿಲ್ಲ. ಎಡಗಣ್ಣಿಗೆ ಹೂವು ಬಿದ್ದಿದೆ, ಆ ಕಡೆ ಏನೂ ಕಾಣದು. ಎಡದಿಂದ ಯಾರಾದರೂ ಹತ್ತಿರ ಬಂದರೆ ಬೆದರಿ ಸರಿಯುತ್ತದೆ. ಆ ಕಡೆಯಿಂದ ಹತ್ತಿಸಿಕೊಳ್ಳುವುದೇ ಇಲ್ಲ. ಇಬ್ಬರು ಬಂದು ನೋಡಿ, ಹತ್ತಲಾಗದೆ, ತುಂಟ ಕುದುರೆಯೆಂದು ಹೆಸರಿಟ್ಟು ಹೋಗಿದ್ದಾರೆ ಎಂದ.

ಕೆಂಪವ್ವ ಕೋಲೂರುತ್ತ ದೊಡ್ಡ ಸುತ್ತು ಹಾಕಿ ಬಲಗಡೆಯಿಂದ ಹತ್ತಿರ ಹೋದಳು. ಕುದುರೆ ಅವಳನ್ನು ನೋಡಿತು, ಮೂಸಿತು, ಮತ್ತೆ ಮೇಯತೊಡಗಿತು. ಅವಳು ಗೇಣಿನಿಂದ ಮುಂಗಾಲಿನ ಎಲುಬು ಸುತ್ತಿದಳು. ಬಿಗಿಯಾಯಿತು. ಬೆನ್ನಹುರಿಯ ಎರಡೂ ಬದಿ ಹೆಬ್ಬೆಟ್ಟು ಒತ್ತುತ್ತ ಹೆಗಲಿನಿಂದ ಟೊಂಕದವರೆಗೆ ಹೋದಳು; ಚರ್ಮ ಎಲ್ಲಿಯೂ ಅದುರಲಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡಿ ಎಂಟು ವರ್ಷದ್ದೆಂದಳು. ಸತ್ಯಪ್ಪ ಹೌದೆಂದ.

ಅಷ್ಟಕ್ಕೆ ಅವಳು ಒಪ್ಪಲಿಲ್ಲ. ಎಂಬತ್ತು ಕಿಲೊ ಗೋವಿನಜೋಳವನ್ನು ಎರಡು ಚೀಲದಲ್ಲಿ ತೂಗಿಸಿ ಹೇರಿಸಿದಳು. ಹೊಳೆಯ ದಂಡೆಯವರೆಗೆ ಇಳಿದು, ಆ ಉಬ್ಬರ ಹತ್ತಿ ತಿರುಗಿ ಬರಬೇಕೆಂದು ಹೇಳಿದಳು. ಮಲಕಾರಿಯೇ ಹಗ್ಗ ಹಿಡಿದು ಹೋಗಿ ಬಂದ. ಬಂದ ಕೂಡಲೇ ಕೆಂಪವ್ವ ಕುದುರೆಯ ಪಕ್ಕೆಗೆ ಅಂಗೈ ಇಟ್ಟು ನಿಂತಳು. ಎಲೆಯಡಿಕೆ ಹಾಕಿ ಉಗುಳುವಷ್ಟು ಹೊತ್ತಿಗೆ ಉಸಿರು ಹದಕ್ಕೆ ಬಂತು. ಚೀಲ ಇಳಿಸಿ ಮತ್ತೊಮ್ಮೆ ಬೆನ್ನು ಒತ್ತಿ ನೋಡಿದಳು.

“ಮುಂದಿನ ಹೆಜ್ಜಿ ಸಣ್ಣ ಮಾಡಲಿಲ್ಲ,” ಎಂದ ಮಲಕಾರಿ. ಆ ಕುದುರೆಯ ಬಗ್ಗೆ ಅವನು ಆಡಿದ ಮೊದಲ ಮಾತು ಅದು. “ಉಬ್ಬರಕ್ಕೂ ಮಾಡಲಿಲ್ಲ.”

ಬಾವಿಯ ಕಟ್ಟೆಯ ಹತ್ತಿರ ಒಂದು ಮೊಳ ಎತ್ತರದ ಕಲ್ಲಿತ್ತು. ಕುದುರೆಯನ್ನು ಅದರ ಪಕ್ಕದಲ್ಲಿ, ಬಲಮೈ ಕಲ್ಲಿನ ಕಡೆಗಿರುವಂತೆ ನಿಲ್ಲಿಸಿದರು. ಮಲಕಾರಿ ಎತ್ತಲು ಬಂದ. ಅವಳು ಕೈ ಅಡ್ಡ ಹಿಡಿದಳು.

“ನಿಮ್ಮ ಕೈ ಬ್ಯಾಡ. ಅಡವ್ಯಾಗ ನೀವು ಇರೂದಿಲ್ಲ.”

ಕಲ್ಲಿನ ಮೇಲೆ ಹತ್ತಿ, ಜೂಲು ಹಿಡಿದು, ಒಳ್ಳೆಯ ಬಲಗಾಲನ್ನು ಕುದುರೆಯ ಮೈಗೆ ಬಿಗಿದ ಹಗ್ಗದ ಕುಣಿಕೆಯಲ್ಲಿಟ್ಟು ಮೈ ಮೇಲಕ್ಕೆತ್ತಿದಳು. ಪೂರ್ತಿ ಮಡಚದ ಎಡಗಾಲನ್ನು ಕುದುರೆಯ ಬೆನ್ನ ಮೇಲಿನಿಂದ ಆ ಕಡೆಗೆ ದಾಟಿಸಬೇಕು. ಮೊದಲ ಸಲ ಹಿಮ್ಮಡಿ ಟೊಂಕಕ್ಕೆ ಬಡಿಯಿತು. ಕುದುರೆ ಕಿವಿ ಹಿಂದೆ ಮಾಡಿತೇ ಹೊರತು ಕದಲಲಿಲ್ಲ. ಎರಡನೆಯ ಸಲ ಒಂದು ಕೈಯಿಂದ ಸೀರೆ ಸಮೇತ ಕಾಲನ್ನು ಹಿಡಿದು ಎತ್ತಿ ದಾಟಿಸಿದಳು. ಕೂತ ಮೇಲೆ ಬೆವರು ಒರೆಸಿಕೊಂಡಳು. ಒಂದೂಮುಕ್ಕಾಲು ವರ್ಷದಲ್ಲಿ ಯಾರ ಹೆಗಲೂ ಹಿಡಿಯದೆ ಅವಳು ಮಾಡಿದ ಮೊದಲ ದೊಡ್ಡ ಕೆಲಸ ಅದು. ಅವಳ ಪಾದಗಳು ಕುದುರೆಯ ಹೊಟ್ಟೆಯ ಕೆಳಗೆ ಜೋತಾಡುತ್ತಿದ್ದವು. ಮಲಕಾರಿ ಅದನ್ನು ನೋಡಿದ. ವ್ಯವಹಾರ ಅಲ್ಲಿಯೇ ಕುದುರಿತು.

ತಡಿಯನ್ನು ಕೆಂಪವ್ವ ತಾನೇ ಹೊಲಿದಳು. ಗೋಣಿತಟ್ಟಿನೊಳಗೆ ಹುಲ್ಲು ತುಂಬಿ ಎರಡು ಸುರುಳಿ ಮಾಡಿ, ನಡುವೆ ನಾಲ್ಕು ಬೆರಳು ಸಂದು ಬಿಟ್ಟಳು, ಬೆನ್ನಹುರಿಗೆ ಏನೂ ತಾಗದಂತೆ. ಅದರ ಕೆಳಗೆ ಮಡಿಸಿದ ಕಂಬಳಿ. ಕಾಕಾಸಾಹೇಬ ಯಾರದೋ ಕೈಯಲ್ಲಿ ಒಂದು ಜೊತೆ ಹಳೆಯ ಕಬ್ಬಿಣದ ರಿಕಾಪು ಕಳಿಸಿದ್ದ. ಎಡಗಡೆಯ ಪಟ್ಟಿಯನ್ನು ಎರಡು ಬೆರಳು ಗಿಡ್ಡ ಮಾಡಿ ಕಟ್ಟಿಕೊಂಡಳು. ಇಲ್ಲದಿದ್ದರೆ ಮೈ ಒಂದು ಕಡೆ ವಾಲಿ, ಮತ್ತೊಂದು ಕುದುರೆಗೆ ಹುಣ್ಣಾಗುತ್ತಿತ್ತು.

ದೀಪಾವಳಿಯ ಮೇಲೆ ಬಿಡಾರ ಹೊರಟಿತು. ಮೊದಲ ಮೂರು ದಿನ ಕೆಂಪವ್ವನ ತೊಡೆಗಳು ಬಿರಿದು, ಇಳಿದ ಮೇಲೆ ಕೂರಲೂ ಆಗದೆ ನಿಂತುಕೊಂಡೇ ರೊಟ್ಟಿ ತಿಂದಳು. ಕೊಕಟನೂರಿನಲ್ಲಿ ಹೋಟೆಲಿನ ಮುಂದೆ ಕೂತವರು ನಕ್ಕರು. ಒಬ್ಬ, ಕುದುರೆಗೆ ಆರು ಕಾಲೇನವ್ವಾ ಎಂದು ಕೇಳಿದ. ಅವಳು ಹೌದೆಂದು ಹೇಳಿ ಮುಂದೆ ಹೋದಳು. ಮಲಕಾರಿ ಆ ವರ್ಷ ಊರು ಬಂದಾಗಲೆಲ್ಲ ಕುರಿಗಳನ್ನು ಅಡ್ಡದಾರಿಗೆ ಹೊಡೆಯುತ್ತಿದ್ದ. ಮುಂದಿನ ವರ್ಷ ಹಾಗೆ ಮಾಡಲಿಲ್ಲ.

ತನಗೆ ತಾನೇ ಅವಳು ಕೆಲವು ಕಟ್ಟು ಹಾಕಿಕೊಂಡಿದ್ದಳು. ಕೆಂದಿಯ ಮೇಲೆ, ಆ ತಟ್ಟನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು, ತನ್ನನ್ನು ಬಿಟ್ಟು ಒಂದು ತಂಬಿಗೆಯೂ ಹೇರಬಾರದು. ಉಬ್ಬರ ಬಂದಲ್ಲಿ ಇಳಿದು ಕೋಲು ಹಿಡಿದು ನಡೆಯಬೇಕು. ತಾಸಿಗೊಮ್ಮೆ ಹೇಗೂ ಇಳಿಯಬೇಕು. ಕಾಣದ ಎಡಬದಿಗೆ ತಾರವ್ವ ಮಾತಾಡುತ್ತ ನಡೆಯುತ್ತಿದ್ದಳು, ದನಿ ಕೇಳಿದರೆ ಕುದುರೆ ಬೆದರುತ್ತಿರಲಿಲ್ಲ. ದಾರಿಯಲ್ಲಿ ಹತ್ತಲು ಕಲ್ಲು ಸಿಗದಿದ್ದರೆ ಕೆಂದಿಯನ್ನು ತಗ್ಗಿಗೆ ಇಳಿಸಿ ನಿಲ್ಲಿಸಿ, ತಾನು ಬದುವಿನ ಮೇಲಿನಿಂದ ಹತ್ತುವಳು. ಎರಡು ತಿಂಗಳಿಗೆ ಕುದುರೆ ಅದನ್ನು ಕಲಿತಿತು. ಅವಳು ಕೋಲನ್ನು ತಡಿಗೆ ಸಿಕ್ಕಿಸಿದರೆ ತಾನೇ ತಗ್ಗು ಹುಡುಕುತ್ತಿತ್ತು.

ನಾಲ್ಕನೆಯ ವರ್ಷ ಯಡೂರಿನಲ್ಲಿ ಕೆಂದಿಯ ಹಿಂಗಾಲಿಗೆ ಬಾವು ಬಂತು. ಅಲ್ಲಿಯ ಮೇವು ಮುಗಿದಿತ್ತು, ಮಲಕಾರಿ ಮುಂದೆ ಹೋಗಲೇಬೇಕೆಂದ. ಎಂಟು ದಿನ ಕುದುರೆ ಹತ್ತುವುದಿಲ್ಲವೆಂದು ಕೆಂಪವ್ವ ಹೇಳಿದಳು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಬಿಡಾರ ಹೋಯಿತು, ಅವಳು ಪರಿಚಯದ ರೈತರ ಹೊಲದಲ್ಲಿ ಕುದುರೆಯ ಜೊತೆ ಉಳಿದು, ದಿನಾ ಎರಡು ಸಲ ಅದನ್ನು ಹೊಳೆಯ ತಣ್ಣೀರಿನಲ್ಲಿ ನಿಲ್ಲಿಸಿದಳು. ಹತ್ತನೆಯ ದಿನ ಚಿಕ್ಕೋಡಿಯ ಹತ್ತಿರ ಬಂದು ಕೂಡಿಕೊಂಡಳು. ಮಲಕಾರಿ ದೂರದಿಂದಲೇ ಕುದುರೆಯ ಹೆಜ್ಜೆ ನೋಡಿ, ಬಾವು ಇಳಿದಿದೆ ಎಂದು ಮಗನಿಗೆ ಹೇಳಿದನಂತೆ.

ತೊಂಬತ್ತರ ಸುಮಾರಿಗೆ ಜನ ಕುದುರೆ ಕೊಳ್ಳುವ ಮೊದಲು ಕೆಂಪವ್ವನಿಗೆ ತೋರಿಸುವುದು ಶುರುವಾಯಿತು. ಒಂದು ವರ್ಷ ಅಥಣಿಯ ಆಚೆ ತೋಟದ ವಸ್ತಿಯ ಶಾಲೆಗೆ ಬಂದಿದ್ದ ರಾಜಾರಾಮ ಮಾಸ್ತರರು ತಮ್ಮ ಸಣ್ಣ ಮಗಳ ಜೊತೆ ಒಂದು ಚೆಂದದ ಕರಿ ತಟ್ಟು ಹಿಡಿದುಕೊಂಡು ಬಿಡಾರಕ್ಕೆ ಬಂದರು. ರಸ್ತೆಯಿಂದ ಶಾಲೆಗೆ ಎರಡು ಹರದಾರಿ, ಮಳೆಗಾಲದಲ್ಲಿ ಸೈಕಲ್ಲು ಹುಗಿಯುತ್ತಿತ್ತು. ಮಾಸ್ತರರು ಎತ್ತರದ, ತುಂಬಿದ ಮೈಯ ಮನುಷ್ಯ. ಕೆಂಪವ್ವ ಕುದುರೆಯ ಮುಂಗಾಲು ಸುತ್ತಿ ನೋಡಿ, ಅವರ ತೂಕ ಎಷ್ಟೆಂದು ಕೇಳಿದಳು. ತೊಂಬತ್ತಿರಬಹುದೆಂದು ಅವರು ಸಂಕೋಚದಿಂದ ಹೇಳಿದರು.

“ಮಾಸ್ತರ, ಇದು ನಿಮ್ಮ ಮಗಳಿಗೆ ಸರಿ ಐತ್ರಿ. ನೀವು ಕುಂತ್ರ ಒಂದ ವರ್ಷ ಬಾಳೂದಿಲ್ಲ.”

ಅವರು ಬೇಸರಪಟ್ಟುಕೊಂಡು ಹೋದರು. ಆದರೆ ಆ ತಟ್ಟನ್ನು ಕೊಳ್ಳಲಿಲ್ಲ. ಮೊಪೆಡ್ಡು ತೆಗೆದುಕೊಂಡು, ಕೆಸರಿದ್ದಾಗ ಅದನ್ನು ರಸ್ತೆಯ ಅಂಗಡಿಯಲ್ಲಿ ಬಿಟ್ಟು ನಡೆಯುತ್ತಿದ್ದರು. ಎರಡು ವರ್ಷಕ್ಕೆ ತೂಕವೂ ಸಾಕಷ್ಟು ಇಳಿಯಿತು. ಬಿಡಾರ ಆ ಕಡೆ ಬಂದಾಗ ಕೆಂಪವ್ವನಿಗೆ ಸಕ್ಕರೆ, ಚಹಾಪುಡಿ ತಂದುಕೊಟ್ಟು ಹೋಗುತ್ತಿದ್ದರು.

ಕೆಂದಿ ಒಂಬತ್ತು ವರ್ಷ ಅವಳನ್ನು ಹೊತ್ತಿತು. ಹೊಳೆಸಾಲಿನಲ್ಲಿ ಕಬ್ಬು ಹೆಚ್ಚಿ ಕುರಿ ಕೂಡಿಸುವ ಹೊಲಗಳು ಕಡಿಮೆಯಾದವು. ಕುರಿಗಳೂ ಮುನ್ನೂರರಿಂದ ನೂರೈವತ್ತಕ್ಕೆ ಇಳಿದವು. ಅಷ್ಟರಲ್ಲಿ ತಾರವ್ವ ಎಲ್ಲ ಕಲಿತಿದ್ದಳು. ರೈತರು ಅವಳ ಜೊತೆಗೇ ಮಾತು ಮುಗಿಸುತ್ತಿದ್ದರು. ತೊಂಬತ್ತಾರರ ಜನವರಿಯಲ್ಲಿ, ಚಿಕ್ಕೋಡಿ ದಾಟಿ ಸ್ವಲ್ಪ ದೂರ ಹೋಗಿದ್ದರು. ಬೆಳಗ್ಗೆ ಕೆಂಪವ್ವ ಬದುವಿನ ಮೇಲಿನಿಂದ ಹತ್ತಿ ಕೂತಾಗ ಕುದುರೆ ಒಂದು ದೀರ್ಘ ಉಸಿರು ಬಿಟ್ಟು ಹಿಂಗಾಲುಗಳನ್ನು ಅಗಲ ಮಾಡಿ ನಿಂತಿತು. ಬೇರೆಯವರಿಗೆ ಅದು ಏನೂ ಅಲ್ಲ. ಕೆಂಪವ್ವ ನಾಲ್ಕು ಹೆಜ್ಜೆ ನಡೆಸಿ ನೋಡಿ, ಇಳಿದು, ತಡಿ ಬಿಚ್ಚಿದಳು.

ಏನಾಯಿತೆಂದು ಮಲಕಾರಿ ಕೇಳಿದ.

“ಇಕಿದು ಆತ್ರಿ. ಸಾಕು.”

ಅವನು ಬೇರೆ ಕುದುರೆ ನೋಡೋಣ, ಕಾಗವಾಡದ ಕಡೆ ಇನ್ನೂ ಸಿಗುತ್ತವೆ ಎಂದ. ಈ ಸಲ ಅವನು ಮನಸ್ಸಿನಿಂದಲೇ ಹೇಳಿದ್ದ. ಕೆಂಪವ್ವ ಬೇಡವೆಂದಳು. ತನಗೂ ಐವತ್ತೆಂಟಾಯಿತು, ಸೊಂಟ ನೋಯುತ್ತದೆ, ಇನ್ನು ಊರಲ್ಲೇ ಇರುತ್ತೇನೆ ಎಂದಳು. ಕೆಂದಿಯನ್ನು ಖಾಲಿ ಬೆನ್ನಿನಲ್ಲಿ ಬಿಡಾರದ ಜೊತೆ ಮೇಯುತ್ತ ಬರಲು ಬಿಡಬೇಕು, ಯಾರೂ ಏನೂ ಹೇರಕೂಡದು ಎಂದು ಸೊಸೆಗೆ ಹೇಳಿದಳು. ತಾರವ್ವ ಆಗಲೆಂದಳು. ಬೇಸಗೆಗೆ ಕೆಂದಿ ಹಾಗೆಯೇ ತೆಲಸಂಗಕ್ಕೆ ಬಂದು, ಹಿತ್ತಿಲಿನಲ್ಲಿ ಇನ್ನೂ ಎರಡು ವರ್ಷ ಬದುಕಿತು.

ಅವತ್ತು ವಿಠೋಬಾ ತಾಯಿಯನ್ನು ಚಿಕ್ಕೋಡಿಯ ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಅಥಣಿಯ ಬಸ್ಸಿನಲ್ಲಿ ಕಿಟಕಿಯ ಬದಿ ಕೂರಿಸಿದ. ಕಾಲು ಚಾಚಲು ಜಾಗ ಸಾಲದೆಂದು ಪಕ್ಕದ ಹೆಂಗಸು ಸರಿದು ಕೊಟ್ಟಳು. ಕೆಂಪವ್ವ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. ಬಸ್ಸು ಊರು ಬಿಡುವ ಮೊದಲೇ ನಿದ್ದೆ ಹತ್ತಿತು, ಅಥಣಿ ಬಂದಾಗ ಕಂಡಕ್ಟರ್ ಎಬ್ಬಿಸಬೇಕಾಯಿತು.